ಹಾಲು ಹಲ್ಲೆಂದು ಅಸಡ್ಡೆ ಬೇಡ

(ಒಳರೋಗಿಗಳ ಬಂಧುಗಳಿಗಾಗಿ ಶುಶ್ರೂಷಾ ಬೋಧಕಿಯವರು ಆಡಿದ ಮಾತುಗಳು)



ನಾನು ವಾರ್ಡಿಗೆ ಬಂದ ಕೂಡಲೇ ಕೆಲವರು ಅಳುವ ಮಗುವಿಗೆ, "ಸುಮ್ನಿರು, ಇಲ್ಲಾಂದ್ರ ಸಿಸ್ಟರ್ ಸೂಜಿ ಚುಚ್ಚತಾರ ನೋಡು" ಎನ್ನುತ್ತೀರಿ. ಮಗು ಸುಮ್ಮನಾಗುತ್ತದೆ, ನಿಜ. ಆದರೆ ನಾಳೆ ಹಲ್ಲು ನೋವೆಂದು ದವಾಖಾನೆಗೆ ಕರೆತಂದಾಗ ಅದೇ ಮಗು ಬಾಯಿ ತೆರೆಯುವುದಿಲ್ಲ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ನನ್ನ ಮಗಳಿಗೆ 8 ವರ್ಷವಿದ್ದಾಗ ಕೆಳಗಿನ ದವಡೆ ಹಲ್ಲೊಂದು ಕಪ್ಪಾಗಿತ್ತು. "ಹಾಲು ಹಲ್ಲು, ಬಿದ್ದು ಹೋಗುತ್ತದೆ" ಎಂದು ಬಿಟ್ಟೆ. ಒಂದು ರಾತ್ರಿ ಗಲ್ಲ ಊದಿ, ಬೆಳಗಾಗುವವರೆಗೆ ಅತ್ತಳು. ದಂತವೈದ್ಯರು, "ಇದು ಹಾಲು ಹಲ್ಲಲ್ಲ ಸಿಸ್ಟರ್, ಕಾಯಂ ಹಲ್ಲು" ಎಂದರು. ಆ ಹಲ್ಲು ಉಳಿಯಲಿಲ್ಲ. ನರ್ಸಿಂಗ್ ಓದಿದ ನನಗೇ ಹೀಗಾಯಿತು. ನಿಮಗೆ ಆಗಬಾರದು.

ಮಗುವಿಗೆ ಸುಮಾರು 6 ತಿಂಗಳಿಗೆ ಮೊದಲ ಹಲ್ಲು ಮೂಡುತ್ತದೆ. 3 ವರ್ಷದೊಳಗೆ 20 ಹಾಲು ಹಲ್ಲುಗಳು ಬಂದಿರುತ್ತವೆ. 6ರಿಂದ 12 ವರ್ಷದವರೆಗೆ ಅವು ಒಂದೊಂದಾಗಿ ಬೀಳುತ್ತವೆ. ಆದರೆ 6ನೇ ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಕೊನೆಯ ಹಾಲು ಹಲ್ಲಿನ ಹಿಂದೆ ಮೇಲೆ ಎರಡು, ಕೆಳಗೆ ಎರಡು ಕಾಯಂ ದವಡೆ ಹಲ್ಲುಗಳು ಸದ್ದಿಲ್ಲದೆ ಬರುತ್ತವೆ. ನಾನು ಮೋಸ ಹೋದದ್ದು ಇಲ್ಲಿಯೇ. ಹಾಲು ಹಲ್ಲೂ ಮುಖ್ಯ: ಅದು ಹೊಸ ಹಲ್ಲಿಗೆ ಜಾಗ ಕಾಯುತ್ತದೆ. ಬೇಗ ಹೋದರೆ ಹೊಸ ಹಲ್ಲು ಓರೆಯಾಗಬಹುದು.

ಹಲ್ಲು ಬರುವಾಗ ಮಗು ಜೊಲ್ಲು ಸುರಿಸುತ್ತದೆ, ಕಂಡದ್ದನ್ನು ಕಚ್ಚುತ್ತದೆ. ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ವಸಡು ಒರೆಸಿರಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಂದಿರು ಸೋಪಿನಿಂದ ಚೆನ್ನಾಗಿ ಕೈ ತೊಳೆದೇ ಮಗುವಿನ ಬಾಯಿ ಮುಟ್ಟಬೇಕು. ಜೋರು ಜ್ವರ, ಭೇದಿ ಇದ್ದರೆ "ಹಲ್ಲು ಬರಾಕತ್ತಾವ" ಎಂದು ಕೂಡಬೇಡಿ, ವೈದ್ಯರಿಗೆ ತೋರಿಸಿರಿ.

ಮೊದಲ ಹಲ್ಲಿನಿಂದಲೇ ದಿನಕ್ಕೆ ಎರಡು ಸಲ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿರಿ. ಫ್ಲೋರೈಡ್ ಇರುವ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. 7-8 ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು. ಬೂದಿ, ಇದ್ದಿಲು, ತಂಬಾಕಿನ ಪುಡಿ ಬೇಡವೇ ಬೇಡ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ.

ಮೊದಲ ಹುಟ್ಟುಹಬ್ಬದೊಳಗೆ, ನೋವಿಲ್ಲದಾಗಲೇ, ಒಮ್ಮೆ ದಂತವೈದ್ಯರಿಗೆ ತೋರಿಸಿರಿ. ನಿದ್ದೆ, ಹಸಿವು ಇಲ್ಲದ ಹೊತ್ತಿನಲ್ಲಿ ಕರೆತನ್ನಿರಿ, ತೊಡೆಯ ಮೇಲೆ ಕೂಡಿಸಿಕೊಳ್ಳಿರಿ. ಸ್ವಲ್ಪ ದೊಡ್ಡ ಮಗುವಾದರೆ ಹಿಂದಿನ ರಾತ್ರಿ ಕನ್ನಡಿ ಹಿಡಿದು ಹಲ್ಲು ಎಣಿಸುವ ಆಟ ಆಡಿರಿ. "ನಾಳೆ ಡಾಕ್ಟರೂ ಹಿಂಗ ಎಣಿಸ್ತಾರ" ಎನ್ನಿರಿ. "ಏನೂ ನೋವಾಗಂಗಿಲ್ಲ" ಎಂದು ಸುಳ್ಳು ಮಾತು ಕೊಡಬೇಡಿ. ಒಮ್ಮೆ ಸುಳ್ಳಾದರೆ ಮಗು ಮತ್ತೆ ನಂಬುವುದಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ಮಕ್ಕಳ ಹಲ್ಲನ್ನೂ ತಪಾಸಣೆ ಮಾಡುತ್ತಾರೆ. ಹಾವೇರಿಯಿರಲಿ, ರಾಣೆಬೆನ್ನೂರಿರಲಿ, ಅವರು ಚೀಟಿ ಬರೆದುಕೊಟ್ಟರೆ ಮಡಚಿಟ್ಟು ಮರೆಯಬೇಡಿ.

ಮಗು ಬಿದ್ದು ಮುಂದಿನ ಕಾಯಂ ಹಲ್ಲು ಕಿತ್ತು ಬಂದರೆ, ಬೇರು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರ ಬಳಿ ತಲುಪಿರಿ. ಮತ್ತೆ ಕೂಡಿಸಲು ಸಾಧ್ಯವಾಗಬಹುದು. ಹಾಲು ಹಲ್ಲಾದರೆ ಕೂಡಿಸುವುದಿಲ್ಲ, ಆದರೂ ತೋರಿಸಿರಿ.

ಬಿದ್ದ ಹಾಲು ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ರೂಢಿ ನಮ್ಮಲ್ಲಿದೆ. ಎಸೆಯಲಿ, ಮಕ್ಕಳಿಗೆ ಸಂತೋಷ. ಕೈ ತೊಳೆಸಿ, ಹಿಂದಿನ ದವಡೆಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಇವತ್ತು ಮಲಗುವ ಮುನ್ನವೇ ನೋಡಿರಿ.