ನೆಟೆ ಹತ್ತಿದ ತೊಗರಿಯ ಒಳಗೆ



ನಾರಾಯಣಪೇಟೆ, ಮಖ್ತಲ್ ಕಡೆ ಹೂ ಕಾಯಿಯ ಹೊತ್ತಿಗೆ ತೊಗರಿ ಗಿಡ ಬಾಡಿ ನಿಂತರೆ ನೆಟೆ ಹತ್ತಿತು ಅನ್ನುತ್ತೇವೆ. ನೆಲದಲ್ಲಿ ಹಸಿ ಇದ್ದರೂ ಗಿಡ ನೀರಿಲ್ಲದೆ ಸಾಯುತ್ತದೆ. ಕಾಂಡ ಸೀಳಿ ನೋಡಿ, ನೀರೇರುವ ನಾಳಗಳು ಕಂದುಗಟ್ಟಿರುತ್ತವೆ. ಇದು ಮಣ್ಣಿನಿಂದ ಬೇರಿಗೇರುವ ಶಿಲೀಂಧ್ರದ ಕೆಲಸ. ಬಿಹಾರದ ಪೂಸಾದಲ್ಲಿದ್ದ ಸಸ್ಯರೋಗ ವಿಜ್ಞಾನಿ ಇ. ಜೆ. ಬಟ್ಲರ್ 1910ರಲ್ಲಿ ಅದಕ್ಕೆ ಫ್ಯುಸೇರಿಯಂ ಉಡಮ್ ಎಂದು ಹೆಸರಿಟ್ಟರು.

ನಾಳ ಕಟ್ಟಿಕೊಂಡಿತು ಅನ್ನುವುದು ಅರ್ಧ ಮಾತು. ಗಿಡಕ್ಕೂ ಕಾವಲುಂಟು, ಶಿಲೀಂಧ್ರದ ಕೋಶಭಿತ್ತಿಯ ಕೈಟಿನ್ ಚೂರು ಸೋಕಿದರೂ ಎಚ್ಚರಗೊಳ್ಳುತ್ತದೆ. ಆ ಕಾವಲನ್ನು ಮಂಕಾಗಿಸಲು ಶಿಲೀಂಧ್ರ ಸಣ್ಣ ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತದೆ. ಇದರ ಒಳಗುಟ್ಟು ಚೆನ್ನಾಗಿ ಬಯಲಾದದ್ದು ಟೊಮೆಟೊದಲ್ಲಿ. ಅಲ್ಲಿ ಸೊರಗು ರೋಗ ತರುವುದು ನಮ್ಮ ನೆಟೆ ಶಿಲೀಂಧ್ರದ ದಾಯಾದಿಯೇ. ಆಮ್‌ಸ್ಟರ್‌ಡ್ಯಾಮ್‌ನ ಮಾರ್ಟೈನ್ ರೆಪ್ ಮತ್ತು ಸಂಗಡಿಗರು ರೋಗಿ ಗಿಡದ ನಾಳದ ರಸದಲ್ಲೇ ಈ ಪ್ರೋಟೀನುಗಳನ್ನು ಹಿಡಿದರು. ಅವುಗಳಲ್ಲೊಂದನ್ನು ಐ-3 ಎಂಬ ರೋಗನಿರೋಧಕ ಜೀನ್ ಇರುವ ಟೊಮೆಟೊ ಗುರುತು ಹಿಡಿಯುತ್ತದೆಂದು 2004ರಲ್ಲಿ ತೋರಿಸಿದರು. ಗುರುತು ಸಿಕ್ಕರೆ ಗಿಡ ಉಳಿಯಿತು. ಎವಿಆರ್1 ಅನ್ನುವ ಪ್ರೋಟೀನು ಇನ್ನೂ ಘಾಟಿ: ಐ-2, ಐ-3 ಎರಡೂ ಜೀನ್‌ಗಳ ಕಾವಲನ್ನು ಅಡಗಿಸುತ್ತದೆ, ಆದರೆ ಐ ಜೀನ್ ಇರುವ ಗಿಡಕ್ಕೆ ತಾನೇ ಸಿಕ್ಕಿಬೀಳುತ್ತದೆ! ಶಿಲೀಂಧ್ರದ ಈ ಪ್ರೋಟೀನುಗಳ ಜೀನ್‌ಗಳನ್ನು ಹೊತ್ತ ಇಡೀ ಕ್ರೋಮೊಸೋಮು ಒಂದು ಶಿಲೀಂಧ್ರದಿಂದ ಇನ್ನೊಂದಕ್ಕೆ ದಾಟಿ, ನಿರುಪದ್ರವಿಯನ್ನೂ ರೋಗಕಾರಿಯಾಗಿಸಬಲ್ಲದೆಂದು 2010ರಲ್ಲಿ ಗೊತ್ತಾಯಿತು. ನನಗೆ ದಿಗಿಲು ಹುಟ್ಟಿಸುವುದು ಇದೇ.

ಗದ್ವಾಲ ಕಡೆಯ ಭತ್ತದ ಬೆಂಕಿ ರೋಗದ ಬುಡದಲ್ಲೂ ಗಿಡದ ಕಾವಲನ್ನು ಮಂಕಾಗಿಸುವ ಇದೇ ತಂತ್ರವಿದೆ. ಶಿಲೀಂಧ್ರ ಬೇರೆ, ಪ್ರೋಟೀನುಗಳು ಬೇರೆ.

ಮತ್ತೆ ತೊಗರಿಗೆ ಬರೋಣ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ‘ಮಾರುತಿ’ ತೊಗರಿ 1980ರ ದಶಕದಲ್ಲಿ ಬಂದಾಗ ನೆಟೆ ತಡೆಯಿತು, ಆಮೇಲೆ ‘ಆಶಾ’ ಬಂತು. ನೆಟೆ ತಡೆಯುವ ತಳಿ ಅಂದಮೇಲೆ ಮುಗಿಯಿತು ಎಂದು ನಾವು ನಿಶ್ಚಿಂತರಾಗುತ್ತೇವೆ. ಶಿಲೀಂಧ್ರ ಹಾಗೆ ಕೂರುವುದಿಲ್ಲ. ಟೊಮೆಟೊದಲ್ಲಿ ಪ್ರೋಟೀನಿನ ಒಂದೇ ಕೊಂಡಿ ಬದಲಾದದ್ದಕ್ಕೆ ಗಿಡದ ಕಣ್ಣು ತಪ್ಪಿದ್ದುಂಟು. ತೊಗರಿಯಲ್ಲೂ ಒಂದು ಸೀಮೆಯಲ್ಲಿ ತಡೆದ ತಳಿ ಇನ್ನೊಂದರಲ್ಲಿ ಸೋತದ್ದಿದೆ.

ಹಾಗಾಗಿ ತಳಿಯೊಂದನ್ನೇ ನೆಚ್ಚಬೇಡಿ. ಶಿಲೀಂಧ್ರ ಕೂಳೆಯಲ್ಲಿ ವರ್ಷಗಟ್ಟಲೆ ಬದುಕುತ್ತದೆ. ನೆಟೆ ಹತ್ತಿದ ಗಿಡವನ್ನು ಬೇರುಸಹಿತ ಕಿತ್ತು ಸುಡಿ. ತೊಗರಿಯ ನಡುವೆ ಜೋಳದ ಸಾಲು ಹಾಕಿ, ಮುಂದಿನ ವರ್ಷ ಆ ಹೊಲಕ್ಕೆ ಜೋಳವನ್ನೇ ಬಿತ್ತಿ.