ವಕೀಲಿ ಓದಬೇಕಾದರೆ ಏನು ಬೇಕು?

(ಝುವಾರಿನಗರದ ಕಲಿಕಾ ಕೇಂದ್ರದಲ್ಲಿ ಕಲಿಯುವವರ ಮತ್ತು ಪಾಲಕರ ಸಭೆಯಲ್ಲಿ ಸಂಯೋಜಕರು ಮಾಡಿದ ಭಾಷಣ)

ಅಕ್ಕಂದಿರೇ, ಅಣ್ಣಂದಿರೇ, ಹಿಂದೆ ನಿಂತ ಹುಡುಗ ಹುಡುಗಿಯರೇ, ಮುಂದೆ ಬರ್ರಿ, ಕೂಡ್ರಾಕ ಜಾಗ ಐತಿ.

ಈ ತಿಂಗಳು ನಮ್ಮ ಕೇಂದ್ರಕ್ಕೆ ಮೂರು ಮನೆಯವರು ಒಂದೇ ಪ್ರಶ್ನೆ ಹಿಡಿದು ಬಂದರು. "ನಮ್ಮ ಹುಡುಗಿ ಹನ್ನೆರಡನೇತ್ತೆ ಪಾಸಾಗ್ಯಾಳ. ವಕೀಲಿ ಓದ್ತೀನಿ ಅಂತಾಳ. ಅದಕ್ಕೆ ಏನೇನು ಬೇಕ್ರಿ?" ಮೂವರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲರ ಮುಂದೆ ಹೇಳಿದರೆ ಒಳ್ಳೆಯದು ಎಂದು ಈ ಸಭೆ ಕರೆದಿದ್ದೇವೆ. ನೀವು ಅಕ್ಷರ ಕಲಿಯುತ್ತಿರುವವರು, ನಿಮಗೆ ಇದು ದೂರದ ಮಾತು ಅನ್ನಿಸಬಹುದು. ಆದರೆ ಮಕ್ಕಳ ಅರ್ಜಿಗೆ ಸಹಿ ಹಾಕುವವರು ನೀವೇ. ಏನಕ್ಕೆ ಸಹಿ ಹಾಕುತ್ತೇವೆ ಎಂದು ಗೊತ್ತಿರಬೇಕು.

ನಮ್ಮ ಊರಿನ ಸ್ಥಿತಿ ನಿಮಗೆ ಗೊತ್ತೇ ಇದೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ದುಡಿಯಲು ಬಂದವರು ನಾವು. ಗೊಬ್ಬರದ ಫ್ಯಾಕ್ಟರಿಯ ಸುತ್ತ, ಬಂದರಿನ ಸುತ್ತ ಬದುಕು ಕಟ್ಟಿಕೊಂಡವರು. ಗುತ್ತಿಗೆದಾರ ಕೂಲಿ ಹಿಡಿದರೆ, ಮನೆ ಖಾಲಿ ಮಾಡಿ ಎಂದು ನೋಟಿಸು ಬಂದರೆ, ಅದನ್ನು ಓದಿ ಹೇಳುವವರನ್ನು ಹುಡುಕಿಕೊಂಡು ವಾಸ್ಕೋಗೆ ಹೋಗುತ್ತೇವೆ. 2004ರ ಜೂನಿನಲ್ಲಿ ಬಾಯ್ನಾದಲ್ಲಿ ಮನೆಗಳನ್ನು ಕೆಡವಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿದೆ. ಮಳೆಗಾಲದ ದಿನ ಅದು. ನಮ್ಮ ಭಾಷೆಯಲ್ಲಿ ಕಾಯಿದೆ ತಿಳಿಸಿ ಹೇಳುವ ಒಬ್ಬ ವಕೀಲ ಓಣಿಯಲ್ಲಿ ಇದ್ದರೆ ಎಷ್ಟು ಬಲ ಎಂದು ಬೇರೆ ಹೇಳಬೇಕಾಗಿಲ್ಲ. ಆ ಹುಡುಗಿ ಸುಮ್ಮನೆ ಹಟ ಮಾಡುತ್ತಿಲ್ಲ.

ಹೆಣ್ಣುಮಕ್ಕಳು ಕೋರ್ಟಿನಲ್ಲಿ ನಿಂತು ವಾದ ಮಾಡಬಹುದೇ ಎಂದು ಒಬ್ಬ ಅಜ್ಜಿ ಕೇಳಿದರು. ಮಾಡಬಹುದು. ಒಂದು ಕಾಲಕ್ಕೆ ಬಿಡುತ್ತಿರಲಿಲ್ಲ. ಕಾನೂನು ಓದಿದ್ದರೂ "ನೀನು ಹೆಂಗಸು" ಎಂದು ವಕೀಲಿಯ ಸನ್ನದು ಕೊಡುತ್ತಿರಲಿಲ್ಲ. 1923ರಲ್ಲಿ ಒಂದು ಕಾಯಿದೆ ಮಾಡಿ ಆ ಅಡ್ಡಿಯನ್ನು ತೆಗೆದರು. ಅಂದರೆ ಬಾಗಿಲು ತೆರೆದು ನೂರು ವರ್ಷ ದಾಟಿತು.

ಈಗ ವಿಷಯಕ್ಕೆ ಬರೋಣ. ವಕೀಲಿ ಓದಿಗೆ ಎಲ್‌ಎಲ್.ಬಿ. ಎನ್ನುತ್ತಾರೆ. ಅದಕ್ಕೆ ಎರಡು ದಾರಿ. ಹನ್ನೆರಡನೆಯ ತರಗತಿ ಮುಗಿಸಿ ನೇರವಾಗಿ ಸೇರಿದರೆ ಐದು ವರ್ಷ. ಅದರಲ್ಲಿ ಬಿ.ಎ. ಮತ್ತು ಎಲ್‌ಎಲ್.ಬಿ. ಎರಡೂ ಕೂಡಿರುತ್ತವೆ. ಇನ್ನೊಂದು ದಾರಿ, ಮೊದಲು ಬಿ.ಎ., ಬಿ.ಕಾಂ. ಹೀಗೆ ಯಾವುದಾದರೂ ಪದವಿ ಮುಗಿಸಿ, ಆಮೇಲೆ ಮೂರು ವರ್ಷ ಎಲ್‌ಎಲ್.ಬಿ. ಓದುವುದು. ಲೆಕ್ಕ ಹಾಕಿ ನೋಡ್ರಿ. ಮೂರು ವರ್ಷದ ಪದವಿಗೆ ಮೂರು ವರ್ಷದ ಎಲ್‌ಎಲ್.ಬಿ. ಕೂಡಿಸಿದರೆ ಆರು. ಇಲ್ಲಿ ಐದು. ಒಂದು ವರ್ಷ ಉಳಿಯಿತು. ಹಾಗಾದರೆ ಐದು ವರ್ಷದ್ದೇ ಒಳ್ಳೆಯದು ಅಲ್ಲವೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ದೇಶದಲ್ಲಿ ವಕೀಲಿ ಓದಿನ ನಿಯಮ ಮಾಡುವುದು ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್. ಅದರ 2008ರ ನಿಯಮದಲ್ಲಿ ಒಂದು ಮಾತಿದೆ. ಐದು ವರ್ಷದ ಓದಿಗೆ ಸೇರಿದವರು ಮೂರು ವರ್ಷ ಓದಿ ಬಿಟ್ಟರೆ, "ಬಿ.ಎ. ಭಾಗ ಮುಗಿದಿದೆ, ಆ ಪದವಿ ಕೊಡಿ" ಎಂದು ಕೇಳುವಂತಿಲ್ಲ. ಎರಡು ಪದವಿಯನ್ನು ಒಡೆದು ಕೊಡುವುದಿಲ್ಲ. ನಡುವೆ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ನಮ್ಮ ಮನೆಗಳಲ್ಲಿ ಏನಾಗುತ್ತದೆ? ಅಪ್ಪನಿಗೆ ಕೆಲಸ ತಪ್ಪುತ್ತದೆ. ಅವ್ವಗೆ ಆರಾಮ ತಪ್ಪುತ್ತದೆ. ಊರಲ್ಲಿ ಮದುವೆ ಬರುತ್ತದೆ. ಮಗಳ ಓದು ನಿಲ್ಲುತ್ತದೆ. ಮೂರನೇ ವರ್ಷಕ್ಕೆ ನಿಂತರೆ ಮೂರು ವರ್ಷದ ಫೀಸು, ಬಸ್ಸಿನ ಖರ್ಚು ಎಲ್ಲಾ ನೀರಿಗೆ ಹೋಯಿತು.

ಅದಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಐದು ವರ್ಷ ಏನೇ ಆದರೂ ನಡೆಸುತ್ತೇವೆ ಎಂಬ ಧೈರ್ಯ ಇದ್ದ ಮನೆಗೆ ಐದು ವರ್ಷದ ಓದು ಸರಿ. ದಿನಗೂಲಿಯ ಮೇಲೆ ನಿಂತ ಮನೆಗೆ ಮೊದಲು ಬಿ.ಎ. ಅಥವಾ ಬಿ.ಕಾಂ. ಮಾಡಿಸುವುದು ಸುರಕ್ಷಿತ. ಇಲ್ಲೇ ಝುವಾರಿನಗರದಲ್ಲಿ ಎಂ.ಇ.ಎಸ್. ಕಾಲೇಜು ಇದೆ, ನಡೆದು ಹೋಗಬಹುದು. ಮೂರು ವರ್ಷಕ್ಕೆ ಒಂದು ಪದವಿ ಕೈಗೆ ಬರುತ್ತದೆ. ಅದರ ಮೇಲೆ ಒಂದು ನೌಕರಿ ಸಿಗಬಹುದು. ಆಮೇಲೆ ಮನಸ್ಸು ಗಟ್ಟಿ ಇದ್ದರೆ ಎಲ್‌ಎಲ್.ಬಿ. ಒಂದು ವರ್ಷ ಹೆಚ್ಚಾಗುತ್ತದೆ, ಆಗಲಿ.

ಅಂಕ ಎಷ್ಟು ಬೇಕು? ನೂರಕ್ಕೆ 45. ಹಿಂದುಳಿದ ವರ್ಗದವರಿಗೆ 42. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 40. ಒಟ್ಟು 600 ಅಂಕದ ಪರೀಕ್ಷೆಯಾದರೆ 45ರ ಲೆಕ್ಕಕ್ಕೆ 270 ಬರಬೇಕು. 40ರ ಲೆಕ್ಕಕ್ಕೆ 240. ಐದು ವರ್ಷದ ಓದಿಗೆ ಹನ್ನೆರಡನೆಯ ತರಗತಿಯ ಅಂಕ ನೋಡುತ್ತಾರೆ, ಮೂರು ವರ್ಷದ್ದಕ್ಕೆ ಪದವಿಯ ಅಂಕ. ಇಷ್ಟು ಬಂದರೆ ಅರ್ಜಿ ಹಾಕಬಹುದು ಎಂದು ಅರ್ಥ. ಸೀಟು ಸಿಕ್ಕಿತು ಎಂದಲ್ಲ. ಸೀಟಿಗೆ ಪೈಪೋಟಿ ಬೇರೆ. ಕಲೆ, ವಾಣಿಜ್ಯ, ವಿಜ್ಞಾನ ಯಾವುದು ಓದಿದ್ದರೂ ನಡೆಯುತ್ತದೆ. ಗಣಿತ ಇರಲಿಲ್ಲ ಎಂದು ಹೆದರಬೇಡಿ.

ಈಗ ನಮ್ಮ ಕೇಂದ್ರಕ್ಕೆ ಬಹಳ ಸಂಬಂಧಪಟ್ಟ ಮಾತು. ನಿಮ್ಮಲ್ಲಿ ಕೆಲವರು ಸಾಲಿ ಬಿಟ್ಟು ವರ್ಷಗಳಾದ ಮೇಲೆ ಮುಕ್ತ ಶಾಲೆಯಿಂದ ಹತ್ತನೇತ್ತೆ ಕಟ್ಟಿದ್ದೀರಿ. ಮುಕ್ತ ಶಾಲೆ ಎಂದರೆ 1989ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ, ಎನ್.ಐ.ಓ.ಎಸ್. ಇದರ ಸರ್ಟಿಫಿಕೇಟು ವಕೀಲಿ ಓದಿಗೆ ನಡೆಯುತ್ತದೆಯೇ? ನಡೆಯುತ್ತದೆ. ಅಂಚೆಯ ಮೂಲಕ, ದೂರಶಿಕ್ಷಣದ ಮೂಲಕ ಹನ್ನೆರಡನೆಯ ತರಗತಿ ಅಥವಾ ಪದವಿ ಪಾಸಾದವರೂ ಅರ್ಹರು ಎಂದು ಬಾರ್ ಕೌನ್ಸಿಲ್ಲಿನ ನಿಯಮವೇ ಹೇಳುತ್ತದೆ.

ಆದರೆ ಮೆಟ್ಟಿಲು ಬಿಡಬಾರದು. ಹತ್ತು, ಆಮೇಲೆ ಹನ್ನೆರಡು, ಆಮೇಲೆ ಪದವಿ. ಈ ಕ್ರಮ ತಪ್ಪಿದರೆ ಕಷ್ಟ. ಕೆಲವು ಮುಕ್ತ ವಿಶ್ವವಿದ್ಯಾಲಯಗಳು ಹನ್ನೆರಡನೆಯದು ಇಲ್ಲದವರನ್ನೂ ವಯಸ್ಸು ನೋಡಿ, ಇಲ್ಲವೆ ಆರು ತಿಂಗಳ ತಯಾರಿ ಓದು ಓದಿಸಿ, ನೇರವಾಗಿ ಬಿ.ಎ.ಗೆ ತೆಗೆದುಕೊಂಡಿವೆ. ಇಗ್ನೋದ ಬಿ.ಪಿ.ಪಿ. ಎಂಬುದು ಅಂಥದ್ದೇ. ಆ ಬಿ.ಎ. ಬೇರೆ ಕೆಲಸಕ್ಕೆ ಬರಬಹುದು, ಎಲ್‌ಎಲ್.ಬಿ.ಗೆ ಬರುವುದಿಲ್ಲ. ಕೆಳಗಿನ ಮೆಟ್ಟಿಲಿನ ಅರ್ಹತೆ ಇಲ್ಲದೆ ನೇರವಾಗಿ ಪದವಿ ಪಡೆದವರು ಅರ್ಹರಲ್ಲ ಎಂದು ಅದೇ ನಿಯಮದ ವಿವರಣೆಯಲ್ಲಿದೆ. "ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸ್ತೀನಿ" ಎಂದು ಓಣಿಯಲ್ಲಿ ತಿರುಗುವ ಏಜೆಂಟರ ಮಾತಂತೂ ಕೇಳಲೇ ಬೇಡಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2013ರಿಂದ 2018ರವರೆಗೆ ಯು.ಜಿ.ಸಿ. ಮಾನ್ಯತೆ ಇರಲಿಲ್ಲ. ಸರಕಾರಿ ಸಂಸ್ಥೆಗೇ ಹೀಗಾಗಿದೆ ಎಂದ ಮೇಲೆ, ಹಣ ಕಟ್ಟುವ ಮುಂಚೆ ಆ ವರ್ಷದ ಮಾನ್ಯತೆ ಕೇಳುವುದು ತಪ್ಪಲ್ಲ.

ಇನ್ನೊಂದು. ಬಿ.ಎ. ಮನೆಯಲ್ಲಿ ಕೂತು ಓದಬಹುದು, ಎಲ್‌ಎಲ್.ಬಿ. ಹಾಗೆ ಓದಲು ಬರುವುದಿಲ್ಲ. ವಕೀಲಿ ಮಾಡಲು ಕಾಲೇಜಿಗೆ ಹೋಗಿಯೇ ಓದಿರಬೇಕು. ನೂರಕ್ಕೆ 70 ಹಾಜರಿ ಎಂದು ನಿಯಮ. ಕೆಲಸ ಬಿಟ್ಟು ರಾತ್ರಿ ಕಾಲೇಜಿಗೆ ಹೋಗುತ್ತೇನೆ ಎನ್ನುವ ಹುಡುಗರು ಇದನ್ನು ತಿಳಿದುಕೊಳ್ಳಬೇಕು.

ಎಲ್ಲಿ ಓದುವುದು? ನಮ್ಮ ಎದುರಿಗೇ ಬಿಟ್ಸ್ ಇದೆಯಲ್ಲ ಎಂದು ಒಬ್ಬರು ಕೇಳಿದರು. ಅದು 2004ರಲ್ಲಿ ಇಲ್ಲಿಗೆ ಬಂದದ್ದು, ಮುಖ್ಯವಾಗಿ ಎಂಜಿನಿಯರಿಂಗ್ ಮತ್ತು ವಿಜ್ಞಾನ. ಅವರ ಕಾನೂನು ಶಾಲೆ ಇರುವುದು ಮುಂಬಯಿ ಕಡೆ. ಗೋವಾದಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಹಳೆಯ ಕಾನೂನು ಕಾಲೇಜುಗಳು ಎರಡು. ಪಣಜಿಯ ಮಿರಾಮಾರಿನಲ್ಲಿ ಸಾಳಗಾಂವಕರ ಕಾಲೇಜು. ಮಡಗಾಂವದಲ್ಲಿ ಕಾರೆ ಕಾಲೇಜು. ಎರಡಕ್ಕೂ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ಇಲ್ಲಿ ಓದಿದರೆ ಒಂದು ಲಾಭ ಇದೆ. ಗೋವಾದ ಕುಟುಂಬ ಕಾನೂನು ದೇಶದ ಬೇರೆ ಕಡೆಗಿಂತ ಬೇರೆ. ಪೋರ್ತುಗೀಸರ ಕಾಲದ 1867ರ ನಾಗರಿಕ ಸಂಹಿತೆಯಿಂದ ಬಂದದ್ದು ಅದು. ಗಂಡ ಹೆಂಡತಿ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಇಬ್ಬರ ಆಸ್ತಿಯೂ ಕೂಡಿ ಒಂದಾಗುತ್ತದೆ, ಅರ್ಧ ಅರ್ಧ. ವಾಸ್ಕೋ ಕೋರ್ಟಿನಲ್ಲಿ ನಿಲ್ಲಬೇಕು ಎನ್ನುವವರು ಇದನ್ನು ಕಲಿತಿರಲೇಬೇಕು.

ಕಷ್ಟ ಇರುವುದು ಭಾಷೆಯಲ್ಲಿ. ಇಲ್ಲಿ ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿ. ಕರ್ನಾಟಕಕ್ಕೆ ಹೋದರೆ ಬೇರೆ ಅನುಕೂಲ. ಅಲ್ಲಿ ಹುಬ್ಬಳ್ಳಿಯ ನವನಗರದಲ್ಲಿ 2009ರಲ್ಲಿ ಶುರುವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಅದರ ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶ ಇದೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದು. ಅಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯ ಅವರು 1989ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದರು. ಊರಲ್ಲಿ ಅಜ್ಜ ಅಜ್ಜಿ, ಚಿಕ್ಕಪ್ಪ ಇದ್ದವರು ಈ ದಾರಿ ವಿಚಾರ ಮಾಡಬಹುದು.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲಾಟ್ ಎಂಬ ಪರೀಕ್ಷೆ. 2008ರಿಂದ ನಡೆಯುತ್ತಿದೆ. 120 ಪ್ರಶ್ನೆ, ಎರಡು ಗಂಟೆ, ಎಲ್ಲಾ ಇಂಗ್ಲಿಷು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಫೀಸೂ ಹೆಚ್ಚು. ಹುಡುಗಿ ಓದಿನಲ್ಲಿ ಚುರುಕಾಗಿದ್ದರೆ ಒಮ್ಮೆ ಬರೆಯಲಿ, ಆದರೆ ಅದೊಂದನ್ನೇ ನಂಬಿ ಉಳಿದ ಅರ್ಜಿ ಬಿಡಬಾರದು.

ಕಾಗದಪತ್ರದ ಮಾತು ಕಡೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ನಮ್ಮವರು ಹೆಚ್ಚಾಗಿ ಸೋಲುವುದು ಇಲ್ಲೇ. ಲಮಾಣಿ ತಾಂಡಾದವರು, ಭೋವಿ ಜನ ಇಲ್ಲಿ ಬಹಳ ಇದ್ದೀರಿ. ಕರ್ನಾಟಕದಲ್ಲಿ ನೀವು ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇದ್ದೀರಿ. ಗೋವಾದ ಪಟ್ಟಿಯಲ್ಲಿ ಇಲ್ಲ. ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಊರಿನ ತಹಶೀಲ್ದಾರರ ಜಾತಿ ಪತ್ರ ತಂದು ಇಲ್ಲಿನ ರಾಜ್ಯದ ಮೀಸಲು ಸೀಟು ಕೇಳಿದರೆ ಕೊಡುವುದಿಲ್ಲ. ಇದು ಅಧಿಕಾರಿಯ ಸಿಟ್ಟಲ್ಲ, 1990ರ ಸುಪ್ರೀಂ ಕೋರ್ಟಿನ ತೀರ್ಪು. ಆ ಮೊಕದ್ದಮೆಯ ಹುಡುಗನ ಅಪ್ಪನೂ ಗೊಬ್ಬರದ ಕಂಪನಿಯ ನೌಕರನೇ. ಆಂಧ್ರದಿಂದ ಮುಂಬಯಿಗೆ ಬಂದವರು. ಅಲ್ಲಿ ಬುಡಕಟ್ಟಿನವನು ಎಂದು ಪತ್ರ ಇತ್ತು, ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ. ನನಗೆ ಕೇಳಿದರೆ ಇದು ವಲಸೆ ಬಂದವರಿಗೆ ಅನ್ಯಾಯವೇ. ಹೊಟ್ಟೆಪಾಡಿಗೆ ರಾಜ್ಯ ದಾಟಿದರೆ ಜಾತಿಯ ಕಷ್ಟ ಹಿಂದೆ ಉಳಿಯುತ್ತದೆಯೇ? ಆದರೂ ಇವತ್ತು ಕಾನೂನು ಹಾಗೇ ಇದೆ. ಸಮಾಧಾನ ಏನೆಂದರೆ, ಊರಿನ ಹಕ್ಕು ಹೋಗುವುದಿಲ್ಲ. ಮಕ್ಕಳು ಗೋವಾದಲ್ಲಿ ಹುಟ್ಟಿದ್ದರೂ ಅಪ್ಪನ ಮೂಲದ ಊರೇ ಲೆಕ್ಕ. ಕರ್ನಾಟಕದ ಕಾಲೇಜಿನಲ್ಲಿ ಆ ಜಾತಿ ಪತ್ರ ನಡೆಯುತ್ತದೆ. ಆದ್ದರಿಂದ ಎಲ್ಲಿ ಓದಬೇಕು ಎಂದು ತೀರ್ಮಾನಿಸುವ ಮುಂಚೆ ಇದನ್ನು ಮನೆಯಲ್ಲಿ ಕೂತು ಮಾತಾಡಿ.

ಇಲ್ಲೇ ಉಳಿಯುವವರಿಗೆ ವಾಸದ ಪತ್ರ ಬೇಕಾಗುತ್ತದೆ. ಗೋವಾದಲ್ಲಿ ಸರಕಾರಿ ನೌಕರಿಗೆ ಸಾಮಾನ್ಯವಾಗಿ 15 ವರ್ಷದ ವಾಸ ಕೇಳುತ್ತಾರೆ. ವಾಸ್ಕೋದ ಮಾಮ್ಲೇದಾರ ಕಚೇರಿಯಲ್ಲಿ ಅರ್ಜಿ. ಹಳೆಯ ರೇಷನ್ ಕಾರ್ಡು, ಲೈಟ್ ಬಿಲ್ಲು, ಮಕ್ಕಳ ಸಾಲಿಯ ದಾಖಲೆ ಯಾವುದನ್ನೂ ಒಲೆಗೆ ಹಾಕಬೇಡಿ. ಹೆಸರಿನ ಅಕ್ಷರವೂ ನೋಡಿಕೊಳ್ಳಿ. ಒಂದು ಕಡೆ ರಾಠೋಡ, ಒಂದು ಕಡೆ ರಾಥೋಡ, ಇನ್ನೊಂದು ಕಡೆ ಲಮಾಣಿ. ಮನೆಯವರಿಗೆ ಮೂರೂ ಒಂದೇ, ಗುಮಾಸ್ತನಿಗೆ ಮೂರು ಜನ. ಅರ್ಜಿಯ ಕೊನೆಯ ದಿನ ಓಡಾಡುವ ಬದಲು ಈಗಲೇ ಸರಿ ಮಾಡಿಸಿ. ಅಕ್ಷರ ಕಲಿತ ನೀವೇ ಎಲ್ಲಾ ಕಾಗದ ಹರಡಿಕೊಂಡು ಹೆಸರು ಓದಿ ನೋಡಬಹುದು.

ಓದು ಮುಗಿದ ಮೇಲೆ ಸನ್ನದು. ನಮಗೆ ಮಹಾರಾಷ್ಟ್ರ ಮತ್ತು ಗೋವಾದ ಬಾರ್ ಕೌನ್ಸಿಲ್. 1961ರ ವಕೀಲರ ಕಾಯಿದೆಯ ಪ್ರಕಾರ ನೋಂದಣಿ ಫೀಸು ಒಟ್ಟು 750 ರೂಪಾಯಿ, ಪರಿಶಿಷ್ಟರಿಗೆ 125. ಹಲವು ರಾಜ್ಯಗಳಲ್ಲಿ ಸಾವಿರಗಟ್ಟಲೆ ಕೇಳುತ್ತಿದ್ದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಕಾಯಿದೆಯಲ್ಲಿ ಇದ್ದಷ್ಟೇ ತೆಗೆದುಕೊಳ್ಳಬೇಕು ಎಂದಿತು. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಒಂದಿದೆ, 2011ರಿಂದ ನಡೆಯುತ್ತಿದೆ. ಅದನ್ನೂ ಪಾಸಾಗಬೇಕು. ಜಡ್ಜ್ ಆಗಬೇಕು ಎನ್ನುವವರು ಮೂರು ವರ್ಷ ವಕೀಲಿ ಮಾಡಿರಬೇಕು ಎಂದು 2025ರ ಮೇ ತಿಂಗಳಲ್ಲಿ ತೀರ್ಪು ಬಂದಿದೆ.

ಮುಗಿಸುವ ಮುಂಚೆ, ಆಗ ಎದ್ದು ನಿಂತ ಅಕ್ಕನ ಪ್ರಶ್ನೆ. "ನನಗ ನಲವತ್ತು ಆತು. ನಾನು ಓದಬಹುದೇನ್ರಿ?" ವಯಸ್ಸಿನ ಮಿತಿ ಹಾಕಿದ ಬಾರ್ ಕೌನ್ಸಿಲ್ಲಿನ ಸುತ್ತೋಲೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿದೆ. ಕ್ಲಾಟ್ ಪರೀಕ್ಷೆಗೂ ವಯಸ್ಸಿನ ಮಿತಿ ಇಲ್ಲ. ನೀವೀಗ ಮುಕ್ತ ಶಾಲೆಯ ಮೂಲ ಶಿಕ್ಷಣದಲ್ಲಿ 'ಬಿ' ಹಂತ, ಅಂದರೆ ಐದನೇತ್ತೆಗೆ ಸಮ. ಮುಂದೆ 'ಸಿ' ಹಂತ ಎಂಟನೇತ್ತೆಗೆ ಸಮ, ಆಮೇಲೆ ಹತ್ತು, ಹನ್ನೆರಡು. ದೂರ ಐತಿ ಅಕ್ಕಾ, ಸುಳ್ಳು ಹೇಳುವುದಿಲ್ಲ. ಅಲ್ಲಿಯವರೆಗೆ ಇನ್ನೊಂದು ಕೆಲಸ ಇದೆ. ಕಾನೂನು ಸೇವಾ ಪ್ರಾಧಿಕಾರದವರು 2009ರಿಂದ ಅರೆಕಾನೂನು ಸ್ವಯಂಸೇವಕರನ್ನು ತರಬೇತಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಹತ್ತನೇತ್ತೆ ಆಗಿದ್ದರೆ ಮೇಲು ಎನ್ನುತ್ತಾರೆ, ಓದು ಬರಹ ಬಂದು ವಿಷಯ ತಿಳಿಯುವಂತಿರಬೇಕು. ಜನರ ಅರ್ಜಿ ಬರೆಯುವುದು, ಉಚಿತ ವಕೀಲರ ಹತ್ತಿರ ಕರೆದುಕೊಂಡು ಹೋಗುವುದು ಅವರ ಕೆಲಸ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ ಎಂಬುದೂ ನಮ್ಮ ಓಣಿಯಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ವಾಸ್ಕೋ ಕೋರ್ಟಿಗೆ ಹೋಗಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ. ಬುಧವಾರ ಪಾಠ ಮುಗಿದ ಮೇಲೆ ನಾನೂ ಜೊತೆಗೆ ಬರುತ್ತೇನೆ. ಹೋಗುವಾಗ ಆಧಾರ್ ಕಾರ್ಡು ತನ್ನಿ, ಅರ್ಜಿ ನೀವೇ ಬರೆಯಿರಿ.