ಕೊಳಚೆ ತೊಟ್ಟಿಯಲ್ಲಿ ಸಿಹಿಯೂಟ

ಮನೆಯಲ್ಲಿ ಫಿಲ್ಟರ್ ಕಾಫಿ ಮಾಡುವುದನ್ನು ನೋಡಿದ್ದೀರಲ್ಲ? ಮೊದಲು ಇಳಿಯುವ ಡಿಕಾಕ್ಷನ್ ಗಟ್ಟಿ. ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಸುರಿದರೆ ಎರಡನೆಯದು ಇಳಿಯುತ್ತದೆ. ಬಣ್ಣವಿದೆ, ಘಮವಿದೆ, ಕುಡಿದರೆ ಮಾತ್ರ ನೀರು ನೀರು. ಬಂದ ನೆಂಟರಿಗೆ ಅದನ್ನು ಕೊಡಲು ಅಮ್ಮ ಒಪ್ಪುವುದಿಲ್ಲ.

ಬಿಯರ್ ಕಾರ್ಖಾನೆಯಲ್ಲೂ ಇದೇ ಕಥೆ. (ಬಿಯರ್ ದೊಡ್ಡವರ ಪಾಲಿಗಿರಲಿ, ನಮಗೆ ಬೇಕಾದದ್ದು ಅಲ್ಲಿ ಉಳಿಯುವ ನೀರು!) ಬಾರ್ಲಿ ಕಾಳನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದು ಬಿಸಿನೀರಿಗೆ ಹಾಕುತ್ತಾರೆ. ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಮೊದಲು ಬರುವ ದಟ್ಟ ಸಿಹಿನೀರು ಬಿಯರಿಗೆ ಹೋಗುತ್ತದೆ. ಕಾಳನ್ನು ಮತ್ತೆ ತೊಳೆದಾಗ ಕೊನೆಗೆ ಬರುವ ತೆಳು ಸಿಹಿನೀರು ಅಲ್ಲಿ ಯಾರಿಗೂ ಬೇಡ.

ಬೇಕು ಅಂದದ್ದು ಯಾರು ಗೊತ್ತೇ? ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ಎಂಬ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದವರು! 2017ರ ಸುಮಾರಿಗೆ ಅವರು ಅದೇ ಊರಿನ ಏವರಿ ಎಂಬ ಬಿಯರ್ ಕಾರ್ಖಾನೆಯ ಜೊತೆ ಸೇರಿ ಇದನ್ನು ಬಳಸಿ ನೋಡಲು ಹೊರಟರು.

ಕೊಳಚೆ ನೀರಿನಲ್ಲಿ ನಮ್ಮ ಮೂತ್ರವೂ ಸೇರಿರುತ್ತದೆ. ಮೂಗು ಮುಚ್ಚಬೇಡಿ, ವಿಷಯ ಇರುವುದೇ ಇಲ್ಲಿ. ಮೂತ್ರದಲ್ಲಿರುವ ಸಾರಜನಕವು ಘಟಕದ ಗಾಳಿಯೂದುವ ತೊಟ್ಟಿಗಳಲ್ಲಿ ನೈಟ್ರೇಟ್ ಆಗುತ್ತದೆ. ಅದು ನೀರಿನಲ್ಲಿ ಪೂರ್ತಿ ಕರಗಿರುವುದರಿಂದ ಬಟ್ಟೆ ಹಿಡಿದು ಸೋಸಿದರೆ ಸಿಗುವಂಥದ್ದಲ್ಲ. ಹಾಗೇ ಬಿಟ್ಟರೆ ಹೊಳೆಯ ಪಾಚಿಗೆ ಅದೇ ಗೊಬ್ಬರ. ಪಾಚಿ ಹಬ್ಬಿ, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನುಗಳಿಗೆ ಉಸಿರು ಕಟ್ಟುತ್ತದೆ.

ಈಗ ಕಣ್ಣು ಮುಚ್ಚಿ ನೈಟ್ರೇಟಿನ ಒಂದೇ ಒಂದು ಕಣವನ್ನು ಕಲ್ಪಿಸಿಕೊಳ್ಳಿ. ನಡುವೆ ಒಂದು ಸಾರಜನಕ, ಸುತ್ತ ಅಂಟಿಕೊಂಡ ಮೂರು ಆಮ್ಲಜನಕ. ಗಾಳಿಯಿಲ್ಲದ ಇನ್ನೊಂದು ತೊಟ್ಟಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳಿವೆ. ಉಸಿರಾಡಲು ಬೇರೆ ದಾರಿಯಿಲ್ಲದೆ ಅವು ಈ ಕಣದಿಂದಲೇ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಒಂಟಿಯಾದ ಸಾರಜನಕಗಳು ಎರಡೆರಡಾಗಿ ಕೂಡಿ, ಗುಳ್ಳೆಯಾಗಿ ಮೇಲೆದ್ದು ಗಾಳಿಗೆ ಸೇರುತ್ತವೆ. ಗಾಬರಿ ಬೇಡ, ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಇರುವುದು ಅದೇ ಸಾರಜನಕ.

ಆದರೆ ಹಸಿದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾವೂ ದುಡಿಯದು. ಕೊಳಚೆಯಲ್ಲಿದ್ದ ತಿನಿಸನ್ನೆಲ್ಲ ಬೇರೆ ಜೀವಿಗಳು ಮೊದಲೇ ತಿಂದು ಮುಗಿಸಿರುತ್ತವೆ. ಅದಕ್ಕೇ ಎಷ್ಟೋ ಘಟಕಗಳು ಮೆಥನಾಲ್, ಅಸಿಟಿಕ್ ಆಮ್ಲಗಳನ್ನು ದುಡ್ಡು ಕೊಟ್ಟು ತಂದು ಇವುಗಳಿಗೆ ಉಣಿಸುತ್ತವೆ. ಆ ಜಾಗಕ್ಕೆ ಬಂದದ್ದೇ ಬಾರ್ಲಿಯ ತೆಳು ಸಿಹಿನೀರು.

ಹಾಗಾದರೆ ಕಾರ್ಖಾನೆಯವರು ಅದನ್ನು ಚರಂಡಿಗೆ ಸುರಿದರೆ ಸಾಲದೇ, ತಾನೇ ಹರಿದು ಘಟಕ ಸೇರುತ್ತದಲ್ಲ ಎಂದು ನೀವು ಕೇಳಬಹುದು. ಜಾಣ ಪ್ರಶ್ನೆಯೇ! ಆದರೆ ಹಾಗೆ ಬಂದ ಸಕ್ಕರೆಯ ಬಹುಪಾಲು ಗಾಳಿಯೂದುವ ತೊಟ್ಟಿಗಳಲ್ಲೇ ಮುಗಿದುಹೋದೀತು. ಅಲ್ಲಿನ ಜೀವಿಗಳು ಅದನ್ನು ತಿನ್ನಲು ಇನ್ನಷ್ಟು ಆಮ್ಲಜನಕ ಕೇಳುತ್ತವೆ, ಗಾಳಿಯೂದುವ ಯಂತ್ರಕ್ಕೆ ಕರೆಂಟು ಜಾಸ್ತಿ ಬೇಕಾಗುತ್ತದೆ. ಆದ್ದರಿಂದ ಸಿಹಿನೀರನ್ನು ಬೇರೆಯಾಗಿ ಕೂಡಿಟ್ಟು, ಗಾಳಿಯಿಲ್ಲದ ತೊಟ್ಟಿಗೇ ಅಳೆದು ಬಿಡಬೇಕು.